ಫುಟ್‌ಬಾಲ್ ಅಂಗಿಯ ಲಾಂಛನ ಮತ್ತು ಬೆಲೆಯ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ನಮ್ಮ ಸಂಘದಲ್ಲಿ ಹೊಲಿಯುವ ಫುಟ್‌ಬಾಲ್ ಅಂಗಿಗಳ ಎದೆಯ ಮೇಲೆ ಇನ್ನು ಮುಂದೆ ಇಂಗ್ಲೆಂಡ್ ತಂಡದ ಮೂರು ಸಿಂಹಗಳಿರುವುದಿಲ್ಲ. ಆ ಜಾಗದಲ್ಲಿ ಗಂಡಭೇರುಂಡದ ಕಸೂತಿ ಬರುತ್ತದೆ, ಅಂಗಿಯೊಂದರ ಬೆಲೆ 40 ರೂಪಾಯಿ ಏರುತ್ತದೆ. ಪಂದ್ಯಾವಳಿಯ ಹೊಸ್ತಿಲಲ್ಲಿ ಈ ಸುದ್ದಿ ಬಂದು ನಿಮಗೆ ತೊಂದರೆಯಾಗಿದ್ದರೆ ದಯವಿಟ್ಟು ಕ್ಷಮಿಸಿ.

"ಸಿಂಹ ತೆಗೆದು ಹಕ್ಕಿ ಕೂರಿಸಿ ಖರ್ಚು ಉಳಿಸಿಕೊಂಡಿರಿ, ಮೇಲಿಂದ ಬೆಲೆಯನ್ನೂ ಏರಿಸಿದಿರಿ" ಎಂಬ ಮಾತು ಸಾಗರದ ಪೇಟೆಯಲ್ಲೂ ತೀರ್ಥಹಳ್ಳಿ, ಹೊಸನಗರದ ತಂಡಗಳಿಂದಲೂ ಪದೇ ಪದೇ ಕೇಳಿಬರುತ್ತಿದೆ. ಈ ಮಾತು ನಮ್ಮ ಹೊಲಿಗೆಯ ಹೆಣ್ಣುಮಕ್ಕಳಿಗೆ ನೋವು ತಂದಿರುವುದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸುತ್ತೇವೆ.

ಆ ಸಿಂಹಗಳ ಮೇಲೆ ನಮಗೆ ಅಗೌರವವಿಲ್ಲ. ಶಿರಸ್ತ್ರಾಣದೊಳಗೆ ಮುಖ ಮುಚ್ಚಿಹೋಗುತ್ತಿದ್ದ ಕಾಲದಲ್ಲಿ ಯೋಧ ಯಾರ ಕಡೆಯವನೆಂದು ಗುರಾಣಿಯ ಮೇಲಿನ ಪ್ರಾಣಿಯೇ ಹೇಳುತ್ತಿತ್ತು. 1198ರ ಸುಮಾರಿಗೆ ಇಂಗ್ಲೆಂಡಿನ ದೊರೆ ಮೊದಲನೇ ರಿಚರ್ಡ್‌ನ ರಾಜಮುದ್ರೆಯಲ್ಲಿದ್ದ ಮೂರು ಸಿಂಹಗಳು, 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿದಾಗ ಇಂಗ್ಲೆಂಡ್ ಆಟಗಾರರ ಎದೆಗೆ ಬಂದವು. ಎದುರಾಳಿಗಳ ಅಂಗಿಯ ಮೇಲೂ ಅವರ ದೊರೆಗಳದೇ ಒಂಟಿ ಸಿಂಹವಿತ್ತು. ಆ ಪಂದ್ಯ ಗೋಲಿಲ್ಲದೆ ಸಮವಾಯಿತು. 1949ರಲ್ಲಿ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್‌ಗೆ ಅಧಿಕೃತ ಲಾಂಛನ ದೊರೆತಾಗ ಮೇಲಿದ್ದ ಕಿರೀಟ ಹೋಗಿ, ಸಿಂಹಗಳ ಸುತ್ತ 10 ಗುಲಾಬಿಗಳು ಸೇರಿದವು. ಇಂಗ್ಲೆಂಡಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡದ ಲಾಂಛನದ ಹುಂಜವೂ ಹಾಗೆಯೇ, ಆ ಊರಲ್ಲಿ ಭೂಮಿ ಹೊಂದಿದ್ದ ಮನೆತನದ ಹಾಟ್‌ಸ್ಪರ್ ಎಂಬ ವೀರನ ನೆನಪಿನಿಂದ ಹುಟ್ಟಿದ್ದು. ಪ್ರತಿ ಲಾಂಛನಕ್ಕೂ ಒಂದು ಊರು, ಒಂದು ಮನೆತನ ಇದೆ. ಅದರ ಹಕ್ಕೂ ಅವರದೇ.

ಹಾಗಿರುವಾಗ ನಮ್ಮ ಹುಡುಗರ ಎದೆಗೆ ಪ್ರಾಣಿಯನ್ನು ಹುಡುಕಲು ದೂರ ಹೋಗಬೇಕೇ? ನಮ್ಮ ಜಿಲ್ಲೆಯದೇ ಆದ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡನ ಕಂಬ ಇಂದಿಗೂ ಇದೆ. ನಮ್ಮ ಪಕ್ಕದ ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ, ಕತ್ತೆತ್ತಿದರೆ ಕಾಣುವಂತೆ, ಗಂಡಭೇರುಂಡವನ್ನು ಕೆತ್ತಿದ್ದಾರೆ. ಆನೆಯನ್ನೇ ಎತ್ತಬಲ್ಲ ಹಕ್ಕಿಯೆಂದು ನಮ್ಮ ಹಿರಿಯರು ಅದನ್ನು ಕಂಡರು. ಎರಡು ತಲೆ ಎರಡು ದಿಕ್ಕಿಗೆ ನೋಡಿದರೂ ಮೈ ಒಂದೇ, ಮತ್ತು ಹನ್ನೊಂದು ಮಂದಿಯ ತಂಡಕ್ಕೆ ಇದಕ್ಕಿಂತ ಒಪ್ಪುವ ಗುರುತು ನಮಗೆ ಹೊಳೆಯಲಿಲ್ಲ. ರಾಜ್ಯ ಸರ್ಕಾರದ ಲಾಂಛನವನ್ನು ನಾವು ಬಳಸಿಲ್ಲ ಎಂಬುದನ್ನೂ ಸ್ಪಷ್ಟಪಡಿಸುತ್ತೇವೆ. ಅದರಲ್ಲಿರುವ ಗುರಾಣಿ, ಆನೆಮೊಗದ ಸಿಂಹವಾದ ಗಜಕೇಸರಿ ಯಾವುದೂ ಇಲ್ಲದೆ ಹಕ್ಕಿಯನ್ನಷ್ಟೇ ನಮ್ಮಲ್ಲೇ ಬರೆಸಿದ್ದೇವೆ.

ಇನ್ನು ಖರ್ಚಿನ ವಿಚಾರ. ಹಕ್ಕಿಯಿಂದ ಒಂದು ಪೈಸೆಯೂ ಉಳಿದಿಲ್ಲ. ಸಿಂಹಗಳ ಮೈಯನ್ನು ನೀಲಿ ದಾರದಲ್ಲಿ ಒಂದೇ ಸಮನೆ ತುಂಬಿದರೆ ಸಾಕಿತ್ತು. ಗಂಡಭೇರುಂಡದ ರೆಕ್ಕೆಯಲ್ಲಿ ಗರಿಗರಿಗೂ ಹೊಲಿಗೆಯ ದಿಕ್ಕು ತಿರುಗಬೇಕು, ಎರಡು ಕೊಕ್ಕಿನ ತುದಿಯಲ್ಲಿ ಯಂತ್ರದ ವೇಗ ತಗ್ಗಿಸಬೇಕು. ಆಟದ ಅಂಗಿಯ ಬಟ್ಟೆ ತೆಳು ಮತ್ತು ಎಳೆದರೆ ಹಿಗ್ಗುವಂಥದ್ದು. ಒಳಗೆ ಆಧಾರದ ಬಟ್ಟೆ ಇಡದಿದ್ದರೆ ಕಸೂತಿಯ ಸುತ್ತ ನೆರಿಗೆ ಬಿದ್ದು ಅಂಗಿಯೇ ಹಾಳಾಗುತ್ತದೆ. ಆ ಬಟ್ಟೆ, ದಾರ, ಸೂಜಿ ಎಲ್ಲವೂ ಹೊರಗಿನಿಂದ ಬರಬೇಕು. ಆಷಾಢದ ಮಳೆಯಲ್ಲಿ ರೆಕ್ಕೆಯ ಮಧ್ಯದಲ್ಲಿ ಕರೆಂಟು ಹೋದರೆ, ಮತ್ತೆ ಹೊಲಿದಾಗ ಸಾಲು ಒಂದಿಷ್ಟು ಸರಿದರೂ ಆ ಅಂಗಿಯನ್ನು ನಾವು ನಿಮಗೆ ಕೊಡುವುದಿಲ್ಲ. ಅದರ ನಷ್ಟ ಸಂಘದ್ದೇ. ಸ್ಟಿಕ್ಕರ್ ಒತ್ತಿಕೊಟ್ಟರೆ ಅಗ್ಗವಾಗುತ್ತದೆಂದು ಕೆಲವರು ಸೂಚಿಸಿದ್ದಾರೆ. ನಮ್ಮ ಕಡೆಯ ಮಳೆಯಲ್ಲಿ, ಕೆಸರಿನಲ್ಲಿ ಆಡಿ, ಒಗೆದು, ಬಚ್ಚಲೊಲೆಯ ಶಾಖಕ್ಕೆ ಒಣಹಾಕಿದ ಅಂಗಿಯಿಂದ ಸ್ಟಿಕ್ಕರ್ ಸಿಪ್ಪೆಯಂತೆ ಏಳುತ್ತದೆ. ಅಂಥದ್ದನ್ನು ನಿಮ್ಮ ಮಕ್ಕಳಿಗೆ ತೊಡಿಸಲು ನಮಗೆ ಮನಸ್ಸಿಲ್ಲ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ ಅನ್ವಯಿಸುತ್ತದೆ. ಲಾಂಛನವೇ ಬೇಡವೆನ್ನುವವರಿಗೆ ಬರಿ ಅಂಗಿಯನ್ನು ಹಳೆಯ ದರಕ್ಕಿಂತಲೂ ಕಡಿಮೆಗೆ ಕೊಡುತ್ತೇವೆ. ಗಂಡಭೇರುಂಡದ ಒಂದು ಎಳೆ ಬಿಚ್ಚಿದರೂ ಅಂಗಿಯನ್ನು ತಂದುಕೊಡಿ, ಹೊಲಿದವರೇ ನಿಮ್ಮೆದುರು ಕುಳಿತು ಹಣ ಪಡೆಯದೆ ಸರಿಪಡಿಸಿಕೊಡುತ್ತಾರೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯೆಯರ ಪರವಾಗಿ
ಸಾಗರ, ಶಿವಮೊಗ್ಗ ಜಿಲ್ಲೆ