ಶನಿವಾರಕ್ಕೆ ಮುಂಚೆ ಎರಡು ಎಪಿಸೋಡ್ ನೋಡ್ಕೊಂಡು ಬನ್ನಿ
ಎಲ್ರಿಗೂ ನಮಸ್ಕಾರ, ಶನಿವಾರದ ಮಾತುಕತೆಗೆ ಬರೋ ಮುಂಚೆ ಮಕ್ಕಳ ಜೊತೆ ಕೂತು ಟಿವಿ ಕಾರ್ಟೂನ್‌ಗಳಾದ ಡೋರೇಮಾನ್ ಒಂದು, ಛೋಟಾ ಭೀಮ್ ಒಂದು ಎಪಿಸೋಡ್ ನೋಡ್ಕೊಂಡು ಬನ್ನಿ. ಮೊದಲ್ನೇದು ಜಪಾನಿಂದು, ಇನ್ನೊಂದು ಹೈದರಾಬಾದ್ ಸ್ಟುಡಿಯೋ ಮಾಡಿದ್ದು, 2008ರಲ್ಲಿ ಟಿವಿಲಿ ಶುರುವಾಗಿದ್ದು, ಆದ್ರೂ ಪಾತ್ರಗಳು ಒಂದೇ ಅಚ್ಚಲ್ಲಿ ತೆಗೆದಂಗಿವೆ, ದಪ್ಪ ಮೈಯ ಜೋರು ಹುಡುಗ ಅಲ್ಲಿ ಜಿಯಾನ್ ಇಲ್ಲಿ ಕಾಲಿಯಾ, ಅವನ ಹಿಂದೆ ಬಾಲದ ಥರ ಓಡಾಡೋರು ಅಲ್ಲಿ ಸುನಿಯೋ ಇಲ್ಲಿ ಧೋಲು ಭೋಲು. ಹೀರೋ ಮಾತ್ರ ಪೂರ್ತಿ ಉಲ್ಟಾ, ಅಲ್ಲಿ ನೋಬಿತಾ ಅಳ್ತಾ ಡೋರೇಮಾನ್ ಅನ್ನೋ ರೋಬೋ ಬೆಕ್ಕಿನ ಹತ್ರ ಓಡ್ತಾನೆ, ಇಲ್ಲಿ ಭೀಮ್ ಲಾಡು ತಿಂದು ತಾನೇ ನುಗ್ತಾನೆ. ನಂಗೆ ಬೇಜಾರಾಗೋದು ಅಲ್ಲಿನ ಹುಡುಗಿ ಶಿಜುಕಾ, ಇಲ್ಲಿನ ಹುಡುಗಿ ಚುಟ್ಕಿ ವಿಷ್ಯಕ್ಕೆ. ಗೆಳೆಯರ ಗುಂಪಲ್ಲಿ ಒಬ್ಳೇ ಹುಡುಗಿ ಯಾಕೆ? ಇದನ್ನ ಮಕ್ಕಳನ್ನೇ ಕೇಳಿ, ಅವ್ರು ಹೇಳಿದ್ದನ್ನ ಹಾಗೇ ಬರ್ಕೊಂಡು ಬನ್ನಿ, ತಿದ್ದಬೇಡಿ ಪ್ಲೀಸ್.