ಸೆಟ್ಟಿಂಗ್ ಬದಲಿಸಲು ಇನ್ನು ಲೈನ್ ಬಂದ್ ಮಾಡುವುದಿಲ್ಲ

ನವನಗರ, ವಿದ್ಯಾಗಿರಿ ಮತ್ತು ಹಳೆ ಬಾಗಲಕೋಟೆಯ ನಮ್ಮ ಎಲ್ಲ ಸದಸ್ಯ ಗ್ರಾಹಕರಿಗೆ ನಮಸ್ಕಾರ.

ಬಡಾವಣೆಗೆಲ್ಲ ಇಂಟರ್ನೆಟ್ ಹಂಚುವ ರೌಟರ್‌ನಲ್ಲಿ ಏನೇ ಬದಲಿಸಬೇಕಿದ್ದರೂ ಇಷ್ಟು ದಿನ ರಾತ್ರಿ ಲೈನ್ ಬಂದ್ ಮಾಡಿ ರೀಸ್ಟಾರ್ಟ್ ಮಾಡುತ್ತಿದ್ದೆವು. ಮುಂದಿನ ತಿಂಗಳಿಂದ ಲೈನ್ ಚಾಲೂ ಇದ್ದಾಗಲೇ ಈ ಕೆಲಸ ಮಾಡುತ್ತೇವೆ.

ಇದರಲ್ಲೊಂದು ಅಪಾಯವಿದೆ. ರೌಟರ್‌ಗೆ ನಾವು ಆದೇಶ ಕಳಿಸುವುದೂ ಅದೇ ಲೈನಿನ ಮೇಲೆ. ಐಪಿ ವಿಳಾಸ, ವಿಲ್ಯಾನ್ (ಒಂದೇ ಲೈನಿನಲ್ಲಿ ಬೇರೆಬೇರೆಯಾಗಿ ಓಡುವ ಜಾಲ) ನಂಬರ್ ಅಥವಾ ಯಾರನ್ನು ಒಳಬಿಡಬೇಕೆಂದು ಹೇಳುವ ಫೈರ್‌ವಾಲ್ ನಿಯಮ ತಪ್ಪಿದರೆ ಕೂತ ಕೊಂಬೆಯನ್ನೇ ಕಡಿದುಕೊಂಡಂತೆ. ತಿದ್ದಲು ಒಳಗೆ ಹೋಗುವ ದಾರಿಯೇ ಉಳಿಯುವುದಿಲ್ಲ. ಅದಕ್ಕಾಗಿ ಮೊದಲು ಹಳೆಯ ಸೆಟ್ಟಿಂಗ್‌ನ ಪ್ರತಿ ತೆಗೆದಿಡುತ್ತೇವೆ. ಹೊಸದನ್ನು 10 ನಿಮಿಷದ ಗಡುವಿನೊಂದಿಗೆ ಜಾರಿ ಮಾಡುತ್ತೇವೆ. ಅಷ್ಟರೊಳಗೆ ನಾವು ಮತ್ತೆ ಲಾಗಿನ್ ಆಗಿ 'ಸರಿ ಇದೆ' ಎಂದು ಖಚಿತಪಡಿಸದಿದ್ದರೆ ರೌಟರ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಜುನಿಪರ್ ಕಂಪನಿಯ ರೌಟರ್‌ಗಳಲ್ಲಿ ಇದಕ್ಕೆ 'ಕಮಿಟ್ ಕನ್‌ಫರ್ಮ್ಡ್' ಎನ್ನುತ್ತಾರೆ. ಮೈಕ್ರೊಟಿಕ್ ಕಂಪನಿಯ ರೌಟರ್‌ಗಳ 'ಸೇಫ್ ಮೋಡ್' ಸಂಪರ್ಕ ಕಡಿದಾಗ ಇದೇ ಕೆಲಸ ಮಾಡುತ್ತದೆ. ವಿಲ್ಯಾನ್ ಬದಲಿಸುವಾಗ ಹೊಸದನ್ನು ಹಳೆಯದರ ಪಕ್ಕದಲ್ಲೇ ಚಾಲೂ ಮಾಡಿ, ಎಲ್ಲರನ್ನೂ ಅದಕ್ಕೆ ದಾಟಿಸಿದ ಮೇಲಷ್ಟೇ ಹಳೆಯದನ್ನು ಅಳಿಸುತ್ತೇವೆ. ಈ ಕ್ರಮ ಹಿಂದುಮುಂದಾದರೆ ಇಡೀ ಸೆಕ್ಟರ್ ಒಮ್ಮೆಲೇ ಆಫ್ ಆಗುತ್ತದೆ.

ನಿಮ್ಮ ಮನೆಯ ಫೈಬರ್ ಡಬ್ಬಿಯಲ್ಲಿ ವೈಫೈ ಚಾನಲ್ ಬದಲಿಸಿದರೆ ಮೊಬೈಲ್ ಕೆಲವು ಸೆಕೆಂಡ್ ಬಿಟ್ಟು ಮತ್ತೆ ಸೇರಿಕೊಳ್ಳುತ್ತದೆ. ಡಬ್ಬಿಯನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಹೊಸದು ಹಾಕಿದಾಗ ಮಾತ್ರ ಡಬ್ಬಿ ರೀಸ್ಟಾರ್ಟ್ ಆಗಲೇಬೇಕು. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಡಬ್ಬಿ ಮತ್ತೆ ಏಳದೇ ಇರಬಹುದು. ಆದ್ದರಿಂದ ಸಮಯ ಕೇಳಿಯೇ ಮಾಡುತ್ತೇವೆ, ಡಬ್ಬಿಯನ್ನು ಇನ್ವರ್ಟರ್ ಲೈನಿಗೆ ಹಾಕಿಡಿ.

ಇಂಟರ್ನೆಟ್ ನಿಂತರೆ ಮೊದಲು ಲೈಟ್ ನೋಡಿ. 'ಪಾನ್' (PON) ಲೈಟ್ ಹಸಿರಾಗಿ ಸ್ಥಿರವಾಗಿದ್ದರೆ ಫೈಬರ್ ಸರಿಯಿದೆ ಎಂದರ್ಥ. ಡಬ್ಬಿಯನ್ನು ನಿರ್ವಹಿಸುವ ಓಎಮ್‌ಸಿಐ ಎಂಬ ಬೇರೆ ಚಾನಲ್ ಅದೇ ಫೈಬರ್‌ನಲ್ಲಿ ಇರುವುದರಿಂದ, ಇಂಟರ್ನೆಟ್ ಇಲ್ಲದಿದ್ದರೂ ಕಚೇರಿಯಿಂದಲೇ ಡಬ್ಬಿಯನ್ನು ತಲುಪಬಲ್ಲೆವು. 10 ನಿಮಿಷ ಕಾದು ನಂತರ ಫೋನ್ ಮಾಡಿ. 'ಲಾಸ್' (LOS) ಲೈಟ್ ಕೆಂಪಗೆ ಮಿನುಗುತ್ತಿದ್ದರೆ ಅದು ಸೆಟ್ಟಿಂಗ್ ತೊಂದರೆಯಲ್ಲ, ಫೈಬರ್ ತುಂಡಾಗಿದೆ ಇಲ್ಲವೇ ಮಡಚಿದೆ. ಕೂಡಲೇ ತಿಳಿಸಿ, ಲೈನ್‌ಮನ್ ಬರುತ್ತಾರೆ.

ದಯವಿಟ್ಟು ಹಿಂದಿರುವ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ಕೆಲವು ಸೆಕೆಂಡ್ ಒತ್ತಿ ಹಿಡಿದರೂ ಯೂಸರ್‌ನೇಮ್, ಪಾಸ್‌ವರ್ಡ್ ಸಮೇತ ಎಲ್ಲ ಅಳಿಸಿಹೋಗುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದಕ್ಕೆ ಮಾತ್ರ ಅಡ್ಡಿಯಿಲ್ಲ, ಫರ್ಮ್‌ವೇರ್ ಹಾಕುವ ಹೊತ್ತೊಂದನ್ನು ಬಿಟ್ಟು.

ತಾಂತ್ರಿಕ ವಿಭಾಗ,
ನಿಮ್ಮ ಬ್ರಾಡ್‌ಬ್ಯಾಂಡ್ ಸಹಕಾರಿ ಸಂಘ, ಬಾಗಲಕೋಟೆ