‘ಪಾಸ್‌ವರ್ಡಿನಲ್ಲಿ $ ಹಾಕಬೇಡಿ’ ಎನ್ನುವ ಕಚೇರಿಗಳು ಮೊದಲು ತಮ್ಮ ಸರ್ವರ್ ನೋಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘ, ಕಾರ್ಖಾನೆಗಳಲ್ಲಿ ಹಾಜರಿ, ಸಂಬಳ, ಇಮೇಲ್, ಗ್ರಂಥಾಲಯ ಎಲ್ಲಕ್ಕೂ ಒಂದೇ ಲಾಗಿನ್ ಎಂಬ ಪದ್ಧತಿ ಬರುತ್ತಿದೆ. ಯಾರು ಯಾರೆಂದು ಗುರುತಿಸಿ ಒಳಗೆ ಬಿಡುವ ಈ ‘ಐಡೆಂಟಿಟಿ ಮ್ಯಾನೇಜ್‌ಮೆಂಟ್’ ಸರ್ವರ್ ಇಡೀ ಸಂಸ್ಥೆಯ ಬೀಗದ ಕೈ ಗೊಂಚಲು ಇದ್ದಂತೆ. ಅಂಥ ಕಡೆ ಹೆಲ್ಪ್‌ಡೆಸ್ಕ್‌ನವರು ‘ಪಾಸ್‌ವರ್ಡಿನ್ಯಾಗ ಡಾಲರ್ ಚಿಹ್ನೆ ಹಾಕಬ್ಯಾಡ್ರಿ, ಲಾಗಿನ್ ಆಗಂಗಿಲ್ಲ’ ಎಂದರೆ ಅದನ್ನು ಸಣ್ಣ ಕಿರಿಕಿರಿ ಎಂದು ಬಿಟ್ಟುಬಿಡಬಾರದು. ಕಾರಣ ಬೇರೆಯೂ ಇರಬಹುದು. ಆದರೆ ಬಳಕೆದಾರರು ಬರೆದದ್ದನ್ನು ಸರ್ವರ್ ತನಗೆ ಕೊಟ್ಟ ಆಜ್ಞೆ ಎಂದು ಓಡಿಸಿಬಿಡುವ ‘ಕಮಾಂಡ್ ಇಂಜೆಕ್ಷನ್’ ಎಂಬ ದೋಷ ಹೊರಗೆ ತೋರುವ ಮೊದಲ ಲಕ್ಷಣ ಬಹಳ ಸಲ ಇದೇ ಆಗಿರುತ್ತದೆ.

ಇದು ಹೇಗೆ ಆಗುತ್ತದೆ ನೋಡಿ. ಉದ್ಯೋಗಿಯೊಬ್ಬರು ರಿಸೆಟ್ ಪುಟದಲ್ಲಿ ‘ಪೇಡಾ$2024’ ಎಂದು ಹೊಸ ಪಾಸ್‌ವರ್ಡ್ ಬರೆಯುತ್ತಾರೆ. ಅದನ್ನು ಇಮೇಲ್‌ಗೂ ಹಳೆಯ ಸಂಬಳದ ತಂತ್ರಾಂಶಕ್ಕೂ ಮುಟ್ಟಿಸಲು ಸ್ಥಳೀಯವಾಗಿ ಯಾರೋ ಒಂದು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದಿರುತ್ತಾರೆ. ಸರ್ವರ್ ಆ ಸ್ಕ್ರಿಪ್ಟಿನ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ಮೂರನ್ನೂ ಒಂದೇ ಸಾಲಾಗಿ ಜೋಡಿಸಿ, ಬರೆದ ಆಜ್ಞೆಗಳನ್ನು (ಕಮಾಂಡ್) ಓದಿ ಓಡಿಸುವ ಲಿನಕ್ಸ್ ಶೆಲ್‌ನ ಕೈಗೆ ಕೊಡುತ್ತದೆ. ಶೆಲ್‌ಗೆ ಅದು ಪಾಸ್‌ವರ್ಡ್ ಎಂದು ಗೊತ್ತಿಲ್ಲ. ಜೋಡು ಉದ್ಧರಣ ಚಿಹ್ನೆಯ ಒಳಗಿದ್ದರೂ ‘$2’ ಎಂದರೆ ‘ಎರಡನೆಯ ಆರ್ಗ್ಯುಮೆಂಟ್’ (ಕಮಾಂಡ್ ಜೊತೆ ಕೊಟ್ಟ ಎರಡನೆಯ ಮಾಹಿತಿ) ಎಂದೇ ಅದು ಓದುತ್ತದೆ. ಅಂಥದ್ದೇನೂ ಇಲ್ಲದ ಕಾರಣ ಅಲ್ಲಿ ಖಾಲಿ ಇಡುತ್ತದೆ. ಕೊನೆಗೆ ದಾಖಲಾಗುವ ಪಾಸ್‌ವರ್ಡ್ ‘ಪೇಡಾ024’. ರಿಸೆಟ್ ಆಯಿತೆಂದು ಪರದೆಯ ಮೇಲೆ ಬಂದಿರುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ. ಇಲ್ಲಿಯತನಕ ಇದು ಬರೀ ತೊಂದರೆ. ಅದೇ ಜಾಗದಲ್ಲಿ ಡಾಲರ್ ಚಿಹ್ನೆಯ ಮುಂದೆ ಆವರಣ ಚಿಹ್ನೆ ಹಾಕಿ ಅದರೊಳಗೆ ಒಂದು ಕಮಾಂಡ್ ಬರೆದರೆ, ಶೆಲ್ ಮೊದಲು ಆ ಕಮಾಂಡ್ ಓಡಿಸಿ ಆಮೇಲೆ ಮುಂದಿನದನ್ನು ನೋಡುತ್ತದೆ. ಪಾಸ್‌ವರ್ಡ್ ಬರೆಯುವ ಡಬ್ಬಿಯಿಂದಲೇ ಹೊರಗಿನವರು ಸರ್ವರ್‌ಗೆ ಆಜ್ಞೆ ಕೊಟ್ಟಂತಾಯಿತು.

ಇನ್ನೊಂದು ಲಕ್ಷಣ ‘&’. ನಮ್ಮ ಕಡೆ ಪೂರೈಕೆದಾರರ ಹೆಸರುಗಳಲ್ಲಿ ‘ಪಾಟೀಲ & ಸನ್ಸ್’ ಎನ್ನುವುದು ಸಾಮಾನ್ಯ. ಅಂಥ ಹೆಸರಿನಲ್ಲಿ ಖಾತೆ ತೆರೆದಾಗ ‘ಪಾಟೀಲ’ ಎಂದಷ್ಟೇ ದಾಖಲಾಗಿ, ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಕಡತದಲ್ಲಿ ‘ಸನ್ಸ್: ಕಮಾಂಡ್ ನಾಟ್ ಫೌಂಡ್’ ಎಂಬ ಸಾಲು ಬಂದಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ. ಶೆಲ್ ‘&’ ಹತ್ತಿರ ಸಾಲನ್ನು ಕತ್ತರಿಸಿ, ಉಳಿದದ್ದನ್ನು ಹೊಸ ಕಮಾಂಡ್ ಎಂದು ಓಡಿಸಲು ಹೋಗಿದೆ. ಪ್ರತಿ ಸಂಸ್ಥೆಯ ಸಿಸ್ಟಮ್ ಅಡ್ಮಿನ್ ಇಂದೇ ಲಾಗ್‌ಗಳಲ್ಲಿ ಈ ಮೂರು ಇಂಗ್ಲಿಷ್ ಪದ ಹುಡುಕಲಿ. ಐದು ನಿಮಿಷದ ಕೆಲಸ.

ದೊಡ್ಡ ಕಂಪನಿಗಳ ತಂತ್ರಾಂಶದಲ್ಲಿ ಹೀಗಾಗಲಿಕ್ಕಿಲ್ಲ ಎಂದುಕೊಳ್ಳಬೇಡಿ. ಪಾಸ್‌ವರ್ಡ್ ರಿಸೆಟ್‌ಗೆ ಬಳಸುವ ಮ್ಯಾನೇಜ್‌ಎಂಜಿನ್ ಎಡಿಸೆಲ್ಫ್‌ಸರ್ವಿಸ್ ಪ್ಲಸ್‌ನಲ್ಲಿ 2022ರಲ್ಲಿ ಹೊರಬಿದ್ದ ದೋಷ (ಸಿವಿಇ-2022-28810; ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಮೇಲಿನ ಉದಾಹರಣೆಯ ತದ್ರೂಪು. ಪಾಸ್‌ವರ್ಡ್ ಬದಲಾದಾಗ ಓಡುವ ‘ಕಸ್ಟಮ್ ಸ್ಕ್ರಿಪ್ಟ್’ ಸೌಲಭ್ಯಕ್ಕೆ ಪಾಸ್‌ವರ್ಡ್ ಯಾವ ತಪಾಸಣೆಯೂ ಇಲ್ಲದೆ ಬರೆದಂತೆಯೇ ಹೋಗುತ್ತಿತ್ತು. ಅಡ್ಮಿನ್ ಆಗಿ ಒಳಬಂದವರು ಅದೇ ಸೌಲಭ್ಯದಿಂದ ವಿಂಡೋಸ್‌ನ ಅತ್ಯುನ್ನತ ‘ಸಿಸ್ಟಮ್’ ಅಧಿಕಾರದಲ್ಲಿ ಬೇಕಾದ ಕಮಾಂಡ್ ಓಡಿಸಬಹುದಿತ್ತು. ತಂತ್ರಾಂಶದ ಜೊತೆಗೇ ಬರುವ ಅಡ್ಮಿನ್ ಪಾಸ್‌ವರ್ಡನ್ನು ಬದಲಿಸದವರಿಗೆ ಆ ತಡೆಯೂ ಇರಲಿಲ್ಲ. 6122ನೇ ಬಿಲ್ಡ್‌ನಲ್ಲಿ (ಆವೃತ್ತಿಯಲ್ಲಿ) ಇದು ಸರಿಯಾಯಿತು. ಅದಕ್ಕಿಂತ ಹಳೆಯದು ಇಂದಿಗೂ ಎಲ್ಲಿಯಾದರೂ ಓಡುತ್ತಿದ್ದರೆ ಈಗಲೇ ನಿಲ್ಲಿಸಬೇಕು.

ವಿಎಂವೇರ್ ವರ್ಕ್‌ಸ್ಪೇಸ್ ಒನ್ ಆಕ್ಸೆಸ್ ಮತ್ತು ಐಡೆಂಟಿಟಿ ಮ್ಯಾನೇಜರ್‌ನ ಪ್ರಕರಣ (ಸಿವಿಇ-2020-4006) ಇನ್ನೂ ವಿವರವಾಗಿ ತಿಳಿಯಬೇಕಾದದ್ದು. ದೋಷ ಇದ್ದದ್ದು ಬಳಕೆದಾರರ ಲಾಗಿನ್ ಪುಟದಲ್ಲಲ್ಲ, 8443ನೇ ಪೋರ್ಟಿನ (ಸರ್ವರಿನ ಸಂಪರ್ಕದ ಬಾಗಿಲಿನ) ಕಾನ್ಫಿಗರೇಟರ್ ಪುಟದಲ್ಲಿ, ಅಂದರೆ ಅಡ್ಮಿನ್ ಸೆಟ್ಟಿಂಗ್ ಮಾಡುವ ಪುಟದಲ್ಲಿ. ಅದರ ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ ದಾಳಿ ಸಾಧ್ಯವಿತ್ತು. ದೋಷ ಸರಿಪಡಿಸುವ ಪ್ಯಾಚ್ ಬಂದದ್ದು 2020ರ ಡಿಸೆಂಬರ್ 3ಕ್ಕೆ. ಡಿಸೆಂಬರ್ 7ರಂದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ (ಎನ್‌ಎಸ್‌ಎ) ಎಚ್ಚರಿಕೆ ಹೊರಡಿಸಿ, ರಷ್ಯಾ ಸರ್ಕಾರದ ಬೆಂಬಲದ ದಾಳಿಕೋರರು ಇದನ್ನು ಬಳಸುತ್ತಿದ್ದಾರೆ ಎಂದಿತು. ಅವರು ಕಮಾಂಡ್ ಓಡಿಸಿ, ದೂರದಿಂದಲೇ ಆಜ್ಞೆ ಕೊಡಲು ಬಿಡುವ ವೆಬ್ ಶೆಲ್ ಕೂರಿಸಿದರು. ಆಮೇಲೆ ‘ಸ್ಯಾಮಲ್’ ಎಂಬ ಸಹಿ ಹಾಕಿದ ಚೀಟಿಗಳನ್ನು ತಾವೇ ತಯಾರಿಸಿ, ಉಳಿದ ವ್ಯವಸ್ಥೆಗಳೊಳಗೆ ನಿಜವಾದ ಬಳಕೆದಾರರಂತೆ ಹೊಕ್ಕರು. ಕಚೇರಿಯ ಮೊಹರು ಕಳ್ಳರ ಕೈಗೆ ಹೋದ ಮೇಲೆ ಅವರು ಒತ್ತಿದ ಪ್ರತಿ ಪಾಸ್ ಅಸಲಿಯೇ.

‘ಅಡ್ಮಿನ್ ಪಾಸ್‌ವರ್ಡ್ ಬೇಕಲ್ಲ, ಹಾಗಾದರೆ ಅಪಾಯವೇನು?’ ಎಂಬ ವಾದ ನಮ್ಮ ಊರಿನಲ್ಲಿ ನಿಲ್ಲುವುದಿಲ್ಲ. ಇನ್‌ಸ್ಟಾಲ್ ಮಾಡಿದ ದಿನ ವೆಂಡರ್ ಇಟ್ಟ ಪಾಸ್‌ವರ್ಡ್ ವಾರ್ಷಿಕ ನಿರ್ವಹಣಾ ಒಪ್ಪಂದ (ಎಎಂಸಿ) ಮುಗಿದು, ಹುಡುಗರು ಬೆಂಗಳೂರಿಗೆ ಹೋದ ಮೇಲೂ ಬದಲಾಗದೆ ಉಳಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಡ್ಮಿನ್ ಪೋರ್ಟ್ ಒಂದೋ ಎರಡೋ ನಿರ್ದಿಷ್ಟ ಕಂಪ್ಯೂಟರಿಗೆ ಮಾತ್ರ ಕಾಣಬೇಕು. ಇಂಟರ್‌ನೆಟ್‌ಗಂತೂ ಬೇಡವೇ ಬೇಡ, ಕ್ಯಾಂಪಸ್ಸಿನ ವೈಫೈಗೂ ಕಾಣಬಾರದು.

ದೋಷ ಕಂಡಾಗ ಪ್ರೋಗ್ರಾಮರ್‌ಗಳು ಮೊದಲು ಮಾಡುವ ತಪ್ಪೆಂದರೆ ಅಕ್ಷರ ಸೋಸುವುದು. ಅರ್ಧವಿರಾಮ ತೆಗೆದರೆ ‘|’ ಉಳಿಯುತ್ತದೆ, ಅದನ್ನೂ ತೆಗೆದರೆ ‘&’, ಹಿಮ್ಮುಖ ಉದ್ಧರಣ, ಹೊಸ ಸಾಲು ಉಳಿಯುತ್ತವೆ. ಖಾಲಿ ಜಾಗ ನಿಷೇಧಿಸಿದರೆ ಅದಕ್ಕೂ ಶೆಲ್‌ನಲ್ಲಿ ಬದಲಿ ಇದೆ. ಮೇಲಾಗಿ, ಪಾಸ್‌ವರ್ಡಿನ ಚಿಹ್ನೆಗಳನ್ನು ಸೋಸಿದರೆ ಜನ ದುರ್ಬಲ ಪಾಸ್‌ವರ್ಡ್ ಇಡುತ್ತಾರೆ. ಸೋಸುವುದು ಪರಿಹಾರವಲ್ಲ. ಬಳಕೆದಾರರು ಬರೆದದ್ದು ಶೆಲ್ ತನಕ ಹೋಗಲೇಬಾರದು. ಪೈಥಾನ್‌ನಲ್ಲಿ ಬೇರೆ ಪ್ರೋಗ್ರಾಂ ಓಡಿಸುವ ಸಬ್‌ಪ್ರೊಸೆಸ್ ಕರೆಯುವಾಗ ಒಂದೇ ಉದ್ದ ಸಾಲು ಕೊಟ್ಟು ‘ಶೆಲ್ = ಟ್ರೂ’ ಎನ್ನುವ ಬದಲು, ಕಮಾಂಡ್ ಮತ್ತು ಪ್ರತಿ ಆರ್ಗ್ಯುಮೆಂಟನ್ನು ಬೇರೆಬೇರೆ ಅಂಶಗಳಾಗಿ ಪಟ್ಟಿಯಲ್ಲಿ ಕೊಡಬೇಕು. ಜಾವಾದಲ್ಲಿ ಪ್ರೊಸೆಸ್‌ಬಿಲ್ಡರ್‌ಗೂ ಇದೇ ರೀತಿ, ನಡುವೆ ಶೆಲ್ ಕರೆಯುವ ‘ಎಸ್‌ಎಚ್ -ಸಿ’ ತರಬಾರದು. ಆಗ ‘$’ ಬರೀ ‘$’ ಆಗಿಯೇ ಉಳಿಯುತ್ತದೆ. ಹಾಗೆ ಮಾಡಿದರೂ ‘-’ ಇಂದ ಶುರುವಾಗುವ ಹೆಸರನ್ನು ಪ್ರೋಗ್ರಾಂ ತನ್ನ ಆಯ್ಕೆ ಎಂದು ತಿಳಿಯಬಹುದು. ಆದ್ದರಿಂದ ಲಾಗಿನ್ ಹೆಸರಿಗೆ ಅಕ್ಷರ, ಅಂಕಿ, ಚುಕ್ಕೆಯಷ್ಟೇ ಎಂದು ನಿಯಮ ಮಾಡಿ, ಮೊದಲನೆಯದು ಅಕ್ಷರವೇ ಇರಬೇಕು ಎನ್ನಿ.

ಪಾಸ್‌ವರ್ಡನ್ನಂತೂ ಆರ್ಗ್ಯುಮೆಂಟ್ ಆಗಿ ಕೊಡುವುದೇ ತಪ್ಪು, ಏಕೆಂದರೆ ಪ್ರೊಸೆಸ್ ಪಟ್ಟಿ ತೆಗೆದರೆ ಅದೇ ಸರ್ವರಿನ ಬೇರೆ ಬಳಕೆದಾರರಿಗೂ ಅದು ಕಾಣುತ್ತದೆ. ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ, ಅಂದರೆ ಪ್ರೋಗ್ರಾಂ ಶುರುವಾದ ಮೇಲೆ ಅದು ಓದಿಕೊಳ್ಳುವಂತೆ ಕೊಡಬೇಕು. ಅದಕ್ಕಿಂತ ಒಳ್ಳೆಯದು ಸ್ಕ್ರಿಪ್ಟನ್ನೇ ಕೈಬಿಟ್ಟು, ಬಳಕೆದಾರರ ಖಾತೆಗಳನ್ನು ಇಡುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಗೆ 636ನೇ ಪೋರ್ಟಿನ ಗೂಢಲಿಪಿ ಸಂಪರ್ಕದಲ್ಲಿ ನೇರವಾಗಿ ಬದಲಿಸುವುದು. ವಿಂಡೋಸ್ ಇರುವವರು ಇನ್ನೊಂದು ಗಮನಿಸಲಿ: ಪಟ್ಟಿ ರೂಪದಲ್ಲಿ ಕೊಟ್ಟರೂ ಓಡುವುದು ‘.ಬ್ಯಾಟ್’ ಕಡತವಾದರೆ ನಡುವೆ ಕಮಾಂಡ್ ಪ್ರಾಂಪ್ಟ್ ಬಂದೇ ಬರುತ್ತದೆ, ಅದು ‘&’ ‘%’ಗಳನ್ನು ತನ್ನದೇ ರೀತಿಯಲ್ಲಿ ಓದುತ್ತದೆ. 2024ರ ಏಪ್ರಿಲ್‌ನಲ್ಲಿ ರಸ್ಟ್ ಸೇರಿ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದೇ ದೋಷ ಬಯಲಾಯಿತು. ಬ್ಯಾಟ್ ಕಡತಕ್ಕೆ ಬಳಕೆದಾರರ ಮಾಹಿತಿ ಕೊಡಬೇಡಿ.

ಐಡೆಂಟಿಟಿ ಸೇವೆಯನ್ನು ಲಿನಕ್ಸ್‌ನ ಅತ್ಯುನ್ನತ ‘ರೂಟ್’ ಅಧಿಕಾರದಲ್ಲಿ ಓಡಿಸುವುದು, ‘ಕೆಲಸ ನಡೀಲಿ’ ಎಂದು ಅದರ ಖಾತೆಗೆ ಪಾಸ್‌ವರ್ಡ್ ಕೇಳದ ಸುಡೊ (ರೂಟ್ ಆಗಿ ಕಮಾಂಡ್ ಓಡಿಸುವ ಅನುಮತಿ) ಕೊಡುವುದು ಇವೆರಡೂ ನಿಲ್ಲಬೇಕು. 2022ರಲ್ಲಿ ಅದೇ ವಿಎಂವೇರ್ ತಂತ್ರಾಂಶದಲ್ಲಿ ಪಾಸ್‌ವರ್ಡೇ ಬೇಡದ ಟೆಂಪ್ಲೇಟ್ ಇಂಜೆಕ್ಷನ್ (ಪುಟದ ಅಚ್ಚಿನೊಳಗೆ ಆಜ್ಞೆ ತೂರಿಸುವ) ದೋಷವನ್ನು (ಸಿವಿಇ-2022-22954), ರೂಟ್ ಮಾಡಿಕೊಡುವ ಇನ್ನೊಂದರ (ಸಿವಿಇ-2022-22960) ಜೊತೆ ಕೂಡಿಸಿ ದಾಳಿ ನಡೆಯಿತು. ಏಪ್ರಿಲ್ 6ಕ್ಕೆ ಪ್ಯಾಚ್ ಬಂದ 48 ಗಂಟೆಗಳೊಳಗೆ ದಾಳಿಕೋರರು ಅದನ್ನು ಬಿಡಿಸಿ ನೋಡಿ ಆಯುಧ ಮಾಡಿಕೊಂಡಿದ್ದರು. ‘ಎರಡನೇ ಶನಿವಾರ ಪ್ಯಾಚ್ ಹಾಕೋಣ’ ಎಂಬ ರೂಢಿ ಲಾಗಿನ್ ಸರ್ವರ್‌ಗೆ ಸಲ್ಲದು.

ಒಳಗೆ ಯಾರೋ ಬಂದಿದ್ದಾರೆ ಎಂಬ ಗುಮಾನಿ ಬಂದರೆ ಬರೀ ಪ್ಯಾಚ್ ಹಾಕಿ ಕೈ ತೊಳೆದುಕೊಳ್ಳಬಾರದು. ಯಂತ್ರವನ್ನು ನೆಟ್‌ವರ್ಕಿನಿಂದ ಬಿಡಿಸಿ, ಅಳಿಸಬೇಡಿ, ಡಿಸ್ಕಿನ ಪ್ರತಿ ತೆಗೆದಿಡಿ. ವಿಎಂವೇರ್ ಪ್ರಕರಣದಲ್ಲಿ ದಾಳಿ ಗೂಢಲಿಪಿ ಸಂಪರ್ಕದೊಳಗೇ ನಡೆದದ್ದರಿಂದ ನೆಟ್‌ವರ್ಕ್ ಮೇಲೆ ಕಣ್ಣಿಟ್ಟವರಿಗೆ ಕಾಣುವಂತಿರಲಿಲ್ಲ. ಕಾನ್ಫಿಗರೇಟರ್‌ನ ಲಾಗ್ ಕಡತದಲ್ಲಿ ‘ಎಕ್ಸಿಟ್’ ಪದದ ಮುಂದೆ ಮೂರಂಕಿಯ ಸಂಖ್ಯೆ ಇದೆಯೇ ಹುಡುಕಿ ಎಂದು ಎನ್‌ಎಸ್‌ಎ ಹೇಳಿತ್ತು. ಸುಳಿವು ಇರುವುದು ಲಾಗ್ ಕಡತದಲ್ಲೇ, ಆದ್ದರಿಂದ ಲಾಗ್ ಬೇರೆ ಯಂತ್ರಕ್ಕೆ ಹೋಗುತ್ತಿರಬೇಕು. ಆಮೇಲೆ ಸ್ಯಾಮಲ್ ಸಹಿಯ ಕೀಲಿ ಮತ್ತು ಪ್ರಮಾಣಪತ್ರ ಬದಲಿಸಿ, ಜೋಡಿಸಿದ ಪ್ರತಿ ತಂತ್ರಾಂಶದಿಂದ ಹಳೆಯದನ್ನು ಕಿತ್ತುಹಾಕಿ. ಇದನ್ನು ಮರೆತರೆ ಎಲ್ಲರ ಪಾಸ್‌ವರ್ಡ್ ಬದಲಿಸಿದರೂ ಉಪಯೋಗವಿಲ್ಲ. ಆಕ್ಟಿವ್ ಡೈರೆಕ್ಟರಿ ತನಕ ಹೋಗಿದ್ದರೆ ಅದರ ಪ್ರವೇಶ ಚೀಟಿಗಳಿಗೆ ಮೊಹರು ಒತ್ತುವ ‘ಕೆಆರ್‌ಬಿಟಿಜಿಟಿ’ ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು, ನಡುವೆ ಕನಿಷ್ಠ 10 ಗಂಟೆ ಬಿಟ್ಟು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಮಾನ ಹೋಗುತ್ತದೆಂದು ಮುಚ್ಚಿಡುವ ಆಯ್ಕೆ ಕಾನೂನಿನಲ್ಲಿ ಇಲ್ಲ.

ತಮ್ಮಲ್ಲಿ ಈ ದೋಷ ಇದೆಯೇ ಎಂದು ನೋಡಲು ಪರೀಕ್ಷಾ ಸರ್ವರ್ ಮೇಲೆ ಒಂದು ನಕಲಿ ಖಾತೆ ಸಾಕು. ಹೆಸರಿನಲ್ಲಿ ‘&’, ಪಾಸ್‌ವರ್ಡಿನಲ್ಲಿ ‘$2024’ ಹಾಕಿ, ಬರೆದದ್ದು ಬರೆದಂತೆಯೇ ದಾಖಲಾಯಿತೇ ನೋಡಿ. ಆಮೇಲೆ ಸ್ಕ್ರಿಪ್ಟ್‌ಗಳನ್ನು ತೆರೆದು ಓದಿ. ವಿದ್ಯಾರ್ಥಿಗಳಲ್ಲಿ ಒಂದು ಕಳಕಳಿಯ ಮಾತು: ಬೇರೆಯವರ ಸರ್ವರ್ ಮೇಲೆ ಅನುಮತಿ ಇಲ್ಲದೆ ಇದನ್ನು ಮಾಡಬೇಡಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ನಿಮಗೂ ಅನ್ವಯಿಸುತ್ತವೆ.

ಈ ಭಾಗದ ಸಂಸ್ಥೆಗಳ ಆಡಳಿತದವರಲ್ಲಿ ನಮ್ಮ ಕೋರಿಕೆ ಇಷ್ಟು. ಭದ್ರತಾ ಪರೀಕ್ಷೆ ಸಾಮಾನ್ಯವಾಗಿ ಹೊರಗಿನ ಲಾಗಿನ್ ಪುಟಕ್ಕೆ ಮುಗಿದುಬಿಡುತ್ತದೆ. ಮುಂದಿನ ಟೆಂಡರಿನಲ್ಲಿ, ಎಎಂಸಿ ನವೀಕರಣದಲ್ಲಿ, ಅಡ್ಮಿನ್ ಪೋರ್ಟ್ ಮತ್ತು ಸ್ಥಳೀಯವಾಗಿ ಬರೆದ ಪ್ರತಿ ಸ್ಕ್ರಿಪ್ಟ್ ಪರೀಕ್ಷೆಯ ವ್ಯಾಪ್ತಿಗೆ ಬರುತ್ತದೆ ಎಂದು ಒಂದು ಸಾಲು ಸೇರಿಸಿ. ಆ ಸ್ಕ್ರಿಪ್ಟ್‌ಗಳ ಪಟ್ಟಿಯನ್ನು ವೆಂಡರ್ ಸಹಿ ಹಾಕಿ ಕೊಡುವ ತನಕ ಕೊನೆಯ ಬಿಲ್ ಪಾಸು ಮಾಡಬೇಡಿ.

– ಸರ್ವರ್ ಮತ್ತು ನೆಟ್‌ವರ್ಕ್ ನಿರ್ವಹಣೆಯಲ್ಲಿರುವ ಕೆಲವರು, ಹುಬ್ಬಳ್ಳಿ–ಧಾರವಾಡ